ಕಾಲೇಜು ಆವರಣ ಚೆಂದವಾಗಬೇಕೆಂದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾಲೇಜು ಆವರಣದ ಅಂದದ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ತೋಟಗಾರಿಕೆ ಮತ್ತು ಕಟ್ಟಡ ಕೆಲಸ ಬಲ್ಲ ನಮ್ಮ ಬಳಗ ಉತ್ತರಿಸಿದೆ.

ನಮ್ಮದು ಆರು ಎಕರೆಯ ಸರ್ಕಾರಿ ಪದವಿ ಕಾಲೇಜು, ಎರೆಭೂಮಿ, ಒಂದು ಮರವೂ ಇಲ್ಲ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರಲು ಎಂಟು ತಿಂಗಳಿದೆ. ಕೈಯಲ್ಲಿರುವ ಸ್ವಲ್ಪ ಹಣದಲ್ಲಿ ಸ್ವಾಗತ ಕಮಾನು ಕಟ್ಟಿಸುವುದೇ, ಕಾರಂಜಿ ಮಾಡಿಸುವುದೇ?
— ಪ್ರಾಂಶುಪಾಲರು, ಗದಗ ಜಿಲ್ಲೆ

ಎರಡೂ ಬೇಡ. ಮಾರ್ಚ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ವಿದ್ಯಾರ್ಥಿಗಳು ಹೊರಗೆ ನಿಲ್ಲಲು ಜಾಗವಿದೆಯೇ ಎಂಬುದನ್ನು ಮೊದಲು ನೋಡಿ. ನೆರಳಿಲ್ಲದ ಕಡೆ ಕಮಾನು ಕಟ್ಟಿದರೆ ಅದರಡಿ ಯಾರೂ ನಿಲ್ಲುವುದಿಲ್ಲ. ಕಾರಂಜಿಯ ಪಂಪ್ ಕೆಟ್ಟ ಮೇಲೆ ಆ ತೊಟ್ಟಿಯಲ್ಲಿ ಸೊಳ್ಳೆ ಸಾಕಿದಂತಾಗುತ್ತದೆ. ಹಣವನ್ನು ಗುಂಡಿಗೆ, ಗೊಬ್ಬರಕ್ಕೆ, ನೀರಿಗೆ ಹಾಕಿ.

ಏಪ್ರಿಲ್, ಮೇ ತಿಂಗಳಲ್ಲಿ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಸಿ ಬಿಸಿಲಿಗೆ ಬಿಡಿ. ಎರೆಮಣ್ಣಿನಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಗುಂಡಿಗೆ ಪೂರ್ತಿ ಕೆಂಪು ಮಣ್ಣು, ಮರಳು ತುಂಬುತ್ತಾರೆ. ಸುತ್ತಲಿನ ಜಿಗುಟು ಮಣ್ಣು ನೀರನ್ನು ಆಚೆ ಬಿಡುವುದಿಲ್ಲ. ಮಳೆಗಾಲದಲ್ಲಿ ಗುಂಡಿ ಬಟ್ಟಲಿನಂತೆ ನೀರು ಹಿಡಿದುಕೊಂಡು ಬೇರು ಕೊಳೆಯುತ್ತದೆ. ಅಗೆದ ಮಣ್ಣನ್ನೇ ಮೂರು ಪಾಲು ತೆಗೆದುಕೊಂಡು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ ಬೆರೆಸಿ ತುಂಬಿ. ನೆಲಮಟ್ಟಕ್ಕಿಂತ ಅರ್ಧ ಅಡಿ ದಿಬ್ಬ ಮಾಡಿ ಅದರ ಮೇಲೆ ಸಸಿ ನೆಡಿ.

ಸಸಿ ಆರರಿಂದ ಎಂಟು ಅಡಿ ಎತ್ತರವಿರಲಿ. ನೆಡುವ ಮುನ್ನ ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. ತಳದಲ್ಲಿ ಸುತ್ತಿಕೊಂಡ ಬೇರನ್ನು ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸಿ. ಸುರುಳಿ ಬೇರು ಹಾಗೇ ಉಳಿದರೆ ಹತ್ತು ವರ್ಷದ ನಂತರ ಮರ ತನ್ನ ಬುಡವನ್ನು ತಾನೇ ಬಿಗಿದುಕೊಂಡು ಒಂದು ಗಾಳಿಗೆ ಉರುಳುತ್ತದೆ.

ನಿಮ್ಮ ಮಣ್ಣಿಗೆ ಬೇವು, ಹೊಂಗೆ, ಹುಣಸೆ, ಕಕ್ಕೆ ಒಗ್ಗುತ್ತವೆ. ಬೇವು, ಹೊಂಗೆಗೆ ಎಂಟು ಮೀಟರ್ ಅಂತರ ಬಿಡಿ, ಗೋಡೆಯಿಂದ ಆರು ಮೀಟರ್ ದೂರ ನೆಡಿ. ಮೊದಲ ಸಾಲು ತರಗತಿಗಳ ಪಶ್ಚಿಮಕ್ಕಿರಲಿ, ಮಧ್ಯಾಹ್ನದ ಬಿಸಿಲು ಗೋಡೆ ಕಾಯಿಸುವುದು ಆ ಕಡೆಯಿಂದಲೇ. ನಲವತ್ತು ಗಿಡಕ್ಕೆ ವಾರಕ್ಕೆ ಎರಡು ಬಾರಿ ತಲಾ 20 ಲೀಟರ್ ಎಂದರೆ 1,600 ಲೀಟರ್ ನೀರು ಬೇಕು. ಇದನ್ನು ಮೂರು ಬೇಸಿಗೆ ಕೊಡಲು ಸಾಧ್ಯವಾಗುವಷ್ಟೇ ಗಿಡ ನೆಡಿ. ವನಮಹೋತ್ಸವದ ಫೋಟೋಗೆಂದು ಇನ್ನೂರು ಗಿಡ ನೆಟ್ಟು ಮಾರ್ಚ್‌ನಲ್ಲಿ ಒಣಗಿಸಿದ ಆವರಣಗಳು ನಾಡಿನ ತುಂಬ ಇವೆ.

ಎಂಟು ತಿಂಗಳಲ್ಲಿ ನೆರಳು ಬಾರದು. ಆದರೆ ಬದುಕಿರುವ ನಲವತ್ತು ಗಿಡ, ಕಸವಿಲ್ಲದ ನೆಲ, ನೀರು ಬರುವ ಶೌಚಾಲಯ ತೋರಿಸಬಹುದು. ಬಂದವರ ಕಣ್ಣಿಗೆ ಅವು ಬೀಳುತ್ತವೆ.

ಹೂಬಿಡುವ ಮರಗಳಿಂದ ಕ್ಯಾಂಪಸ್ ತುಂಬಿಸಬೇಕೆಂಬ ಆಸೆ ನಮ್ಮದು. ಗುಲ್‌ಮೊಹರ್ ಸಾಲು ಹೇಗಿರುತ್ತದೆ?
— ವಿದ್ಯಾರ್ಥಿ ಸಂಘ, ಬೆಂಗಳೂರು

ಗುಲ್‌ಮೊಹರ್ ಅರಳುವುದು ಏಪ್ರಿಲ್, ಮೇನಲ್ಲಿ. ಆಗ ನಿಮ್ಮಲ್ಲಿ ಪರೀಕ್ಷೆ, ಇಲ್ಲವೇ ರಜೆ. ಬೇರು ಆಳಕ್ಕೆ ಇಳಿಯುವುದಿಲ್ಲ, ಕೊಂಬೆ ಪೆಳಸು. ಹೂವಿನ ಕಾಲದಲ್ಲೇ ಬೀಳುವ ಮುಂಗಾರು ಪೂರ್ವ ಮಳೆಗಾಳಿಗೆ ಮುರಿದು ಬೀಳುವ ಮರಗಳಲ್ಲಿ ಇದು ಮುಂದೆ. ಮೈದಾನದ ಅಂಚಿಗೆ ಎರಡು ಮೂರು ಸಾಕು. ನಡೆಯುವ ದಾರಿಗೆ, ವಾಹನ ನಿಲ್ಲಿಸುವ ಕಡೆಗೆ ಬೇಡ.

ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಕ್ರುಂಬಿಗಲ್ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸುವಾಗ ಒಂದರ ಹೂವು ಮುಗಿಯುತ್ತಿದ್ದಂತೆ ಇನ್ನೊಂದು ಅರಳುವಂತೆ ಯೋಜಿಸಿದ್ದರು. ನೀವು ಆ ಲೆಕ್ಕವನ್ನು ಕಾಲೇಜಿನ ಕ್ಯಾಲೆಂಡರಿಗೆ ಹೊಂದಿಸಿ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಆಕಾಶಮಲ್ಲಿಗೆ: ಬೆಳಿಗ್ಗೆ ಮೊದಲ ತರಗತಿಗೆ ಬರುವವರಿಗೆ ದಾರಿಯೆಲ್ಲ ಬಿಳಿ ಹೂವು, ಘಮ. ಇದರ ಕೊಂಬೆಯೂ ಗಟ್ಟಿಯಲ್ಲ, ಬೇರಿನಿಂದ ಮರಿಗಿಡ ಏಳುತ್ತವೆ. ಹಾಗಾಗಿ ಕಟ್ಟಡದಿಂದ ಎಂಟು ಮೀಟರ್ ದೂರವಿಡಿ. ಜನವರಿ, ಫೆಬ್ರುವರಿಯಲ್ಲಿ ಬೂರುಗ, ಅದರ ಬೆನ್ನಿಗೆ ಮುತ್ತುಗ. ಬೂರುಗದ ಎಳೆ ಕಾಂಡದಲ್ಲಿ ಮುಳ್ಳಿರುತ್ತದೆ, ಕೂರುವ ಜಾಗದಿಂದ ದೂರವಿರಲಿ. ಮಾರ್ಚ್‌ನಲ್ಲಿ ಗುಲಾಬಿ ಟಬೂಬಿಯ. ಕಕ್ಕೆ, ಹೊಳೆದಾಸವಾಳ ಏಪ್ರಿಲ್‌ನಿಂದ ಅರಳುವವು, ಪರೀಕ್ಷೆಗೆ ಬಂದವರು ನೋಡಲಿ. ಹೂವಿನ ಮರ ಒಂದಿದ್ದರೆ ಬಕುಲ, ಹೊಂಗೆಯಂಥ ದಟ್ಟ ನೆರಳಿನ ಮರ ಎರಡಿರಲಿ. ನೇರಕ್ಕೆ ಬೆಳೆಯುವ ಕಂಬದ ಅಶೋಕವನ್ನು ಮಾತ್ರ ಸಾಲುಸಾಲಾಗಿ ನೆಡಬೇಡಿ, ಅದರ ನೆರಳಲ್ಲಿ ಒಬ್ಬರೂ ಕೂರಲಾರರು.

ಮುಂಭಾಗದಲ್ಲಿ 60 ಮೀಟರ್ ಉದ್ದ, 40 ಮೀಟರ್ ಅಗಲದ ಹುಲ್ಲುಹಾಸು ಮಾಡಿಸಲು ಆಡಳಿತ ಮಂಡಳಿ ತೀರ್ಮಾನಿಸಿದೆ. ಯಾವ ಹುಲ್ಲು ಒಳ್ಳೆಯದು?
— ಉಪನ್ಯಾಸಕಿ, ತುಮಕೂರು

ಹುಲ್ಲು ಆರಿಸುವ ಮುನ್ನ ನೀರಿನ ಲೆಕ್ಕವನ್ನು ಮಂಡಳಿಯ ಮುಂದಿಡಿ. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು ಐದು ಲೀಟರ್ ಬೇಕು. ನಿಮ್ಮದು 2,400 ಚದರ ಮೀಟರ್. ಅಂದರೆ ದಿನಕ್ಕೆ 12,000 ಲೀಟರ್, 6,000 ಲೀಟರಿನ ಎರಡು ಟ್ಯಾಂಕರ್. ಇಷ್ಟು ಸುರಿದ ಮೇಲೆ ಅದರ ಸುತ್ತ ಸರಪಳಿ ಕಟ್ಟಿ ‘ಹುಲ್ಲಿನ ಮೇಲೆ ನಡೆಯಬಾರದು’ ಎಂದು ಫಲಕ ಹಾಕುತ್ತಾರೆ. ಮಕ್ಕಳು ಕೂರಲಾಗದ ಹಸಿರಿಗೆ ಅಷ್ಟು ನೀರು ಕೊಡುವುದು ಅನ್ಯಾಯ.

ನಡುವೆ 200 ಚದರ ಮೀಟರ್ ಹುಲ್ಲುಹಾಸು ಇಟ್ಟುಕೊಳ್ಳಿ, ಗರಿಕೆ ಜಾತಿಯದೇ ತುಳಿತ ತಾಳುತ್ತದೆ. ಅದರ ಮೇಲೆ ಕೂರಲು ಬಿಡಿ. ಉಳಿದ ಕಡೆ ಮರ, ಕೆಳಗೆ ತಾನಾಗಿ ಬರುವ ಹುಲ್ಲು. ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ಕತ್ತರಿಸಿದರೆ ಸಾಕು. ಪೂರ್ತಿ ಇಂಟರ್‌ಲಾಕ್ ಹಾಸುವ ಆಲೋಚನೆಯಿದ್ದರೆ ಅದನ್ನೂ ಕೈಬಿಡಿ, ಬಿಸಿಲು ಹೀರಿ ಸಂಜೆಯವರೆಗೂ ಕಾವು ಬಿಡುತ್ತದೆ.

ಚಾವಣಿ ನೀರನ್ನೂ ಮರೆಯಬೇಡಿ. ಸಾವಿರ ಚದರ ಮೀಟರ್ ತಾರಸಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 25,000 ಲೀಟರ್. ಸೋರಿ, ಆವಿಯಾಗಿ ಹೋದದ್ದನ್ನು ಕಳೆದರೂ 20,000 ಸಿಗುತ್ತದೆ.

ನಮ್ಮ ಹಳೆಯ ಮಳೆಮರಕ್ಕೆ ನಾಲ್ಕು ವರ್ಷದ ಹಿಂದೆ ಚೆಂದದ ಟೈಲ್ಸ್ ಕಟ್ಟೆ ಕಟ್ಟಿಸಿದೆವು. ಈಗ ತುದಿಕೊಂಬೆಗಳು ಒಣಗಿ ಬೀಳುತ್ತಿವೆ. ರೋಗವೇ? ಕಡಿಸಬೇಕೇ?
— ಕಚೇರಿ ಅಧೀಕ್ಷಕರು, ಶಿವಮೊಗ್ಗ

ನಿಮ್ಮ ವಿವರಣೆಯಂತೆ ಮೊದಲು ಅನುಮಾನಿಸಬೇಕಾದದ್ದು ಕಟ್ಟೆಯನ್ನು. ಮರ ಆಹಾರ, ಉಸಿರು ಪಡೆಯುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಕಟ್ಟೆಯೊಳಗೆ ಮಣ್ಣು ತುಂಬಿ ಮೇಲೆ ಕಾಂಕ್ರೀಟ್ ಹಾಸಿದಾಗ ಗಾಳಿಯೂ ನೀರೂ ಇಳಿಯದು. ಬುಡದ ತೊಗಟೆ ಮಣ್ಣಿನಡಿ ಸದಾ ತೇವವಿದ್ದು ಕೊಳೆಯುತ್ತದೆ. ಇದರ ಫಲ ಮೂರು ನಾಲ್ಕು ವರ್ಷದ ಮೇಲೆ, ಮೊದಲು ನೆತ್ತಿಯ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಕಟ್ಟೆಯ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

ಬುಡದ ಸುತ್ತಲೂ ಕನಿಷ್ಠ ಎರಡು ಮೀಟರ್ ದೂರದವರೆಗಿನ ಕಾಂಕ್ರೀಟನ್ನು ಉಳಿ, ಸುತ್ತಿಗೆಯಿಂದ ಒಡೆಸಿ. ಜೆಸಿಬಿ ತರಿಸಬೇಡಿ, ಅದು ಬೇರನ್ನೂ ಕಿತ್ತೊಯ್ಯುತ್ತದೆ. ಬೇರು ಕವಲೊಡೆದು ಅಗಲವಾಗುವ ಬುಡ ಕಾಣುವವರೆಗೆ ತುಂಬಿದ ಮಣ್ಣನ್ನು ಕೈಯಲ್ಲಿ ತೆಗೆಸಿ. ಹೆಬ್ಬೆರಳಿಗಿಂತ ದಪ್ಪನೆಯ ಬೇರಿಗೆ ಪೆಟ್ಟಾಗಬಾರದು. ಆಮೇಲೆ ಮೂರು ಅಂಗುಲ ದಪ್ಪ ಒಣ ಎಲೆ ಹೊದಿಸಿ, ತೊಗಟೆಗೆ ತಾಗದಂತೆ ಒಂದು ಗೇಣು ಬಿಡಿ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೆತ್ತಿಯ ಅಂಚಿನ ಕೆಳಗೆ ನಿಧಾನವಾಗಿ ನೀರುಣಿಸಿ.

ಒಣಕೊಂಬೆ ತೆಗೆಯುವಾಗ ಮೊದಲು ಅಡಿಯಿಂದ ಸ್ವಲ್ಪ ಕೊಯ್ದು, ನಂತರ ಅದರಾಚೆ ಮೇಲಿನಿಂದ ಕೊಯ್ಯಬೇಕು. ಉಳಿದ ಮೋಟನ್ನು ಕೊನೆಯಲ್ಲಿ, ಕೊಂಬೆ ಕಾಂಡಕ್ಕೆ ಸೇರುವಲ್ಲಿರುವ ಉಬ್ಬಿಗೆ ಹತ್ತಿರ, ಉಬ್ಬನ್ನು ಬಿಟ್ಟು ತೆಗೆಯಬೇಕು. ಒಂದೇ ಕೊಯ್ತಕ್ಕೆ ಬಿಟ್ಟರೆ ಕೊಂಬೆಯ ಭಾರ ತೊಗಟೆಯನ್ನು ಸಿಗಿದುಕೊಂಡು ಇಳಿಯುತ್ತದೆ. ಗಾಯಕ್ಕೆ ಡಾಂಬರು, ಪೊಟರೆಗೆ ಸಿಮೆಂಟ್ ಬೇಡ, ಒಳಗೆ ತೇವ ಕಟ್ಟಿ ಕೊಳೆ ಹೆಚ್ಚುತ್ತದೆ. ಕಡಿಸುವ ಮಾತು ಸದ್ಯಕ್ಕಿಲ್ಲ. ಆ ಹಂತ ಬಂದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು.

ಕೂರಲು ಜಾಗ ಬೇಕಲ್ಲವೇ? ಬುಡದಿಂದ ಎರಡು ಮೀಟರ್ ಆಚೆ, ಗಿಡ್ಡ ಕಂಬಗಳ ಮೇಲೆ 45 ಸೆಂಟಿಮೀಟರ್ ಎತ್ತರಕ್ಕೆ ಕಲ್ಲುಚಪ್ಪಡಿ ಹಾಸಿಸಿ. ಕಾಲೇಜಿನ ಮರದ ಕಟ್ಟೆ ಎಂದರೆ ಅದೇ ನಿಜವಾದ ಸಭಾಂಗಣ, ಅದು ಇರಲೇಬೇಕು.

ಎಷ್ಟು ಬೇಲಿ ಹಾಕಿದರೂ ವಿದ್ಯಾರ್ಥಿಗಳು ಗ್ರಂಥಾಲಯಕ್ಕೆ ಹೂದೋಟ ತುಳಿದುಕೊಂಡೇ ಹೋಗುತ್ತಾರೆ. ಏನು ಮಾಡುವುದು?
— ದೈಹಿಕ ಶಿಕ್ಷಣ ನಿರ್ದೇಶಕರು, ಹಾಸನ

ಬೇಲಿ ತೆಗೆದು ಅಲ್ಲೇ ದಾರಿ ಮಾಡಿ. ನೂರಾರು ಜನ ದಿನವೂ ನಡೆದು ತೋರಿಸಿದ ಹಾದಿ ನಕ್ಷೆಯವನು ಎಳೆದ ಗೆರೆಗಿಂತ ಸರಿಯಿರುತ್ತದೆ. ಮುಖ್ಯ ದಾರಿ ಎರಡೂವರೆ ಮೀಟರ್ ಅಗಲವಿರಲಿ, ನಾಲ್ವರು ಗೆಳೆಯರು ಸಾಲಾಗಿ ಮಾತಾಡುತ್ತಾ ನಡೆಯುವಷ್ಟು. ಮೆಟ್ಟಿಲಿರುವಲ್ಲಿ ಇಳಿಜಾರೂ ಬೇಕು: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿಯವರು ಒಬ್ಬರೇ ಹತ್ತಲಾರರು.

ದಾರಿಯೇ ಕ್ಯಾಂಪಸ್ಸಿನ ಜೀವವಾಗಬಲ್ಲದು ಎಂಬುದಕ್ಕೆ ಬಿ.ವಿ. ದೋಶಿ ವಿನ್ಯಾಸಗೊಳಿಸಿದ ಬೆಂಗಳೂರಿನ ಐಐಎಂ ನೋಡಿ. ಒರಟು ಕಲ್ಲಿನ ಗೋಡೆಗಳ ನಡುವೆ ಅಲ್ಲಿನ ಓಣಿಗಳು ಒಂದೆಡೆ ಮುಚ್ಚಿ, ಒಂದೆಡೆ ತೊಲೆಗಳ ಚಪ್ಪರವಾಗಿ, ಮತ್ತೊಂದೆಡೆ ಆಕಾಶಕ್ಕೇ ತೆರೆದುಕೊಳ್ಳುತ್ತವೆ. ಬಿಸಿಲು ಗಂಟೆಗಂಟೆಗೂ ನೆಲದ ಮೇಲೆ ಬೇರೆ ಚಿತ್ರ ಬರೆಯುತ್ತದೆ. ನಿಮ್ಮಲ್ಲಿ ಅಷ್ಟು ಹಣವಿರದಿರಬಹುದು. ಗ್ರಂಥಾಲಯದ ಹಾದಿಗೆ ಕಬ್ಬಿಣದ ಚಪ್ಪರ ಕಟ್ಟಿ ಬದಿಗೆ ರಾತ್ರಿರಾಣಿ ನೆಟ್ಟು, ಮೇಲಕ್ಕೆ ಹೂಬಳ್ಳಿ ಹಬ್ಬಿಸಿದರೆ ಎರಡು ವರ್ಷದಲ್ಲಿ ನೆರಳು ಸಿಗುತ್ತದೆ.

ನಮ್ಮ ಕಲ್ಲು ಕಟ್ಟಡಕ್ಕೆ ನೂರು ವರ್ಷ ದಾಟಿದೆ. ಶತಮಾನೋತ್ಸವಕ್ಕೆ ಬಣ್ಣ ಬಳಿಸಬಹುದೇ? ಸಂದುಗಳಲ್ಲಿ ಅರಳಿ ಗಿಡವೂ ಬೆಳೆದಿದೆ.
— ಹಳೆಯ ವಿದ್ಯಾರ್ಥಿ, ಧಾರವಾಡ

ದಯವಿಟ್ಟು ಕಲ್ಲಿಗೆ ಬಣ್ಣ ಬಳಿಸಬೇಡಿ. ನಿಮ್ಮ ಊರಿನ ಕರ್ನಾಟಕ ಕಾಲೇಜಿನ ಘನತೆಯಲ್ಲಿ ದೊಡ್ಡ ಪಾಲು ಒಂದು ಕಾಲಕ್ಕೆ ರೈಲ್ವೆ ಕಚೇರಿಯಾಗಿದ್ದ ಆ ಕಲ್ಲು ಕಟ್ಟಡದ್ದು. ಹಳೆಯ ಗೋಡೆಯ ಸಂದುಗಳಲ್ಲಿರುವುದು ಸುಣ್ಣದ ಗಾರೆ. ಒಳಗಿನ ತೇವ ಅದರ ಮೂಲಕ ಆಚೆ ಹೋಗುತ್ತದೆ. ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ, ಸಂದಿಗೆ ಸಿಮೆಂಟ್ ತುಂಬಿದರೆ ತೇವ ಒಳಗೇ ಉಳಿದು ಕಲ್ಲಿನ ಮುಖ ಪದರಪದರವಾಗಿ ಉದುರುತ್ತದೆ. ಸಡಿಲ ಗಾರೆಯನ್ನು ಒಂದಂಗುಲ ಆಳಕ್ಕೆ ಕೆರೆದು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಬೆರೆಸಿದ ಗಾರೆ ತುಂಬಿಸಿ, ಕನಿಷ್ಠ ಒಂದು ವಾರ ಒದ್ದೆ ಗೋಣಿ ಹೊದಿಸಿ. ಕೊಳೆ ತೆಗೆಯಲು ನೀರು, ನಾರಿನ ಬ್ರಷ್ ಸಾಕು. ಆಮ್ಲ ಬೇಡ.

ಅರಳಿ ಗಿಡವನ್ನು ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಬೇರು ಒಳಗೆ ದಪ್ಪವಾಗುತ್ತಲೇ ಇರುತ್ತದೆ. ಎಳೆಯದಾದರೆ ಮಳೆಗಾಲಕ್ಕೆ ಮುಂಚೆ ಸಂದಿಯ ಗಾರೆ ಬಿಡಿಸಿ ಬೇರು ಸಮೇತ ತೆಗೆದು, ಅದೇ ದಿನ ಗಾರೆ ತುಂಬಿ. ಬೆರಳಿಗಿಂತ ದಪ್ಪ ಬೇರಿದ್ದರೆ ಎಳೆಯಬೇಡಿ, ಕಲ್ಲು ಕಳಚಿ ಬರುತ್ತದೆ. ಅಲ್ಲಿ ಕಲ್ಲು ಬಿಚ್ಚಿ ಮತ್ತೆ ಕೂರಿಸಬಲ್ಲ ಹಳೆಯ ಗಾರೆ ಕೆಲಸದವರನ್ನೇ ಹುಡುಕಿ ಕರೆಸಬೇಕು.