ಬೀದಿಗೊಂದು ಅಂಗಡಿಯಿದ್ದರೂ ದೇಶವೇಕೆ ಸಿರಿವಂತವಾಗಲಿಲ್ಲ?

ಪ್ರಶ್ನೆ: ನಾನು ವಿಜಯಪುರದವನು, ಪುಣೆಯ ಭೋಸರಿಯಲ್ಲಿ ಎರಡು ಲೇಥ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡುತ್ತೇನೆ. ಉದ್ಯಮಿಗಳು ಹೆಚ್ಚಿದರೆ ದೇಶ ಬೆಳೆಯುತ್ತದೆ ಎನ್ನುತ್ತಾರೆ. ಓಣಿಗೊಂದು ವರ್ಕ್‌ಶಾಪ್ ನಮ್ಮಲ್ಲಿ ಮೊದಲಿನಿಂದಲೂ ಇದೆಯಲ್ಲ, ಮತ್ತೇಕೆ ನಾವು ಹಿಂದುಳಿದೆವು?

ಉತ್ತರ: ನಿಮ್ಮ ಸಂದೇಹ ನ್ಯಾಯವಾದದ್ದೇ. ಸ್ವಂತ ದುಡಿಮೆ ಮಾಡುವವರ ಪ್ರಮಾಣ ಬಡ ದೇಶಗಳಲ್ಲೇ ಹೆಚ್ಚು. ನೌಕರಿ ಸಿಗದೆ ಹೊಟ್ಟೆಪಾಡಿಗೆ ಅಂಗಡಿ ಹಾಕಿದವರು ಅವರಲ್ಲಿ ಬಹಳ ಮಂದಿ. ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ 1911ರಲ್ಲಿ ಉದ್ಯಮಿಯೆಂದು ಗುರುತಿಸಿದ್ದು ಹೊಸ ಸರಕನ್ನೋ ವಿಧಾನವನ್ನೋ ಮಾರುಕಟ್ಟೆಯನ್ನೋ ತಂದವನನ್ನು ಮಾತ್ರ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರನ್ನೇ ನೋಡಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಅವರು ಮುಂದೆ ಕಬ್ಬಿಣದ ನೇಗಿಲು ತಯಾರಿಸಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ಹೆದರಿದ ರೈತರು ಅದನ್ನು ಕೊಳ್ಳಲು ಹಿಂಜರಿದರು. 1910ರಲ್ಲಿ ಔಂಧ್ ಸಂಸ್ಥಾನದ ನೆರವಿನಿಂದ ಅವರ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ತಲೆಯೆತ್ತಿತು. ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿ ಹುಟ್ಟಿದ್ದು 1946ರಲ್ಲಿ. ಇಂಥ ಕಾರ್ಖಾನೆಗಳಲ್ಲಿ ಪಳಗಿದ ಕೈಗಳು, ಅವಕ್ಕೆ ಬಿಡಿಭಾಗ ಒದಗಿಸುವ ನಿಮ್ಮಂಥವರ ವರ್ಕ್‌ಶಾಪ್‌ಗಳು, ಎಂಜಿನ್ನಿನಿಂದ ನೀರು ಕಂಡ ಹೊಲಗಳು ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಸೇರುವಷ್ಟರಲ್ಲಿ ಒಂದು ತಲೆಮಾರೇ ಕಳೆದಿರುತ್ತದೆ.

ಬೆಳೆಯಬಲ್ಲವರನ್ನೂ ಕಾನೂನು ಕಟ್ಟಿಹಾಕಿತ್ತು ಎಂಬುದು ನನ್ನ ದೃಷ್ಟಿಯಲ್ಲಿ ಇನ್ನೂ ದೊಡ್ಡ ಕಾರಣ. ಎಷ್ಟು ತಯಾರಿಸಬೇಕೆಂಬುದಕ್ಕೂ ಸರ್ಕಾರದ ಅನುಮತಿ ಬೇಕಿದ್ದ 1951ರ ಕೈಗಾರಿಕಾ ಕಾಯ್ದೆಯ ಲೈಸೆನ್ಸ್ ಪದ್ಧತಿಯಲ್ಲಿ, ಬಜಾಜ್ ಸ್ಕೂಟರಿಗಾಗಿ ಗಿರಾಕಿಗಳು ವರ್ಷಗಟ್ಟಲೆ ಕಾದರೂ ಕಂಪನಿ ಮನಬಂದಷ್ಟು ತಯಾರಿಸುವಂತಿರಲಿಲ್ಲ. 1967ರಿಂದ ಹಲವು ಸರಕುಗಳನ್ನು ಸಣ್ಣ ಘಟಕಗಳಿಗೇ ಮೀಸಲಿಟ್ಟಿದ್ದರಿಂದ ದೊಡ್ಡದಾಗುವುದೇ ಅಪರಾಧವೆಂಬಂತಾಯಿತು. ಕೊನೆಯ 20 ಸರಕುಗಳ ಮೀಸಲಾತಿ ತೆರವಾದದ್ದು 2015ರಲ್ಲಿ. ಲಾಭ ಎಲ್ಲಿದೆಯೋ ಉದ್ಯಮಿಯ ಜಾಣ್ಮೆ ಅಲ್ಲಿಗೆ ಹರಿಯುತ್ತದೆಂದು ಅರ್ಥಶಾಸ್ತ್ರಜ್ಞ ವಿಲಿಯಂ ಬಾಮೋಲ್ 1990ರಲ್ಲಿ ವಾದಿಸಿದರು. ನಮ್ಮಲ್ಲಿ ಅದು ಲೈಸೆನ್ಸ್ ಗಿಟ್ಟಿಸಲು ದೆಹಲಿಯ ಕಚೇರಿಗಳ ಕಡೆಗೆ ಹರಿಯಿತು. 1991ರ ಸುಧಾರಣೆ ಬಹುಪಾಲು ಉದ್ಯಮಗಳನ್ನು ಲೈಸೆನ್ಸಿನಿಂದ ಬಿಡಿಸಿತು.

ನಿಮ್ಮ ವರ್ಕ್‌ಶಾಪಿನ ಮಟ್ಟಿಗೆ, ಅದೇ ಕೆಲಸಗಾರರು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರದಲ್ಲಿ ದಿನಕ್ಕೆ ಹೆಚ್ಚು ಬಿಡಿಭಾಗಗಳನ್ನು, ಕಡಿಮೆ ರಿಜೆಕ್ಷನ್‌ನೊಂದಿಗೆ ಕೊಟ್ಟರೆ ಅದು ಬೆಳವಣಿಗೆ. ಯಂತ್ರಕ್ಕೆ ಬೇಕಾದ ಹಣ ದೊಡ್ಡ ಗಿರಾಕಿಯ ಬಾಕಿಯಲ್ಲಿ ಸಿಕ್ಕಿಕೊಂಡಿದ್ದರೆ, ಸಣ್ಣ ಉದ್ಯಮಗಳಿಗಾಗಿರುವ 2006ರ ಎಂಎಸ್‌ಎಂಇ ಕಾಯ್ದೆ ಬಾಕಿ ಪಾವತಿಗೆ ಹಾಕಿದ 45 ದಿನಗಳ ಮಿತಿ ನಿಮ್ಮ ನೆರವಿಗಿದೆ. ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿ ಮಾಡಿಸಿರದಿದ್ದರೆ ಮೊದಲು ಅದನ್ನು ಮಾಡಿಸಿಕೊಳ್ಳಿ.