ಹಲೋ, ಮೈಕ್ ಟೆಸ್ಟಿಂಗ್: ಯಾರು ಹಾಡ್ತಾರೆ ಸರಿ, ನೀವೆಲ್ಲಿ ಕೂರ್ತೀರಿ?

ಯುಗಾದಿ ಹತ್ತಿರ ಬಂತು. ಬೆಂಗಳೂರಿನಲ್ಲಿ ರಾಮನವಮಿ ಪೆಂಡಾಲುಗಳಿಗೆ ಗೂಟ ಹೊಡೆಯುವ ಹೊತ್ತು. ಹಾಗಾಗಿ ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು "ಯಾವ ಕಾರ್ಯಕ್ರಮಕ್ಕೆ ಹೋಗಲಿ?" ಅನ್ನುವವೇ. ನಾನು ಸಂಗೀತದ ಪಂಡಿತನಲ್ಲ, ಮೈಕ್ ಸೆಟ್‌ನವನು. ಅಣ್ಣಮ್ಮ ದೇವಿ ಉತ್ಸವದ ಆರ್ಕೆಸ್ಟ್ರಾ, ಸಂಗೀತ ಸಭೆಯ ಕಛೇರಿ, ಕಾಲೇಜು ಫೆಸ್ಟಿನ ರಾಕ್ ಬ್ಯಾಂಡು, ಎಲ್ಲಕ್ಕೂ ವೈರ್ ಎಳೆದೇ ಸಂಸಾರ ಸಾಗಿಸಿದವನು. ಇದು ಯಾವ ರಾಗ ಅಂತ ಕೇಳಿದರೆ ಪಕ್ಕದವರನ್ನು ತೋರಿಸುತ್ತೇನೆ. ಎಲ್ಲಿ ಕೂತರೆ ಚೆನ್ನಾಗಿ ಕೇಳುತ್ತೆ ಅಂತ ಕೇಳಿದರೆ ಮಾತ್ರ ಬಿಡುವುದಿಲ್ಲ.

ಪ್ರಶ್ನೆ: ನಮ್ಮ ಅತ್ತೆಗೆ ಕೋಟೆ ಹೈಸ್ಕೂಲಿನ ರಾಮನವಮಿ ಕಛೇರಿ ಕೇಳಬೇಕು ಅಂತ ಆಸೆ. ಮಂಡಿನೋವು ಇದೆ, ಕಿವಿಯೂ ಸ್ವಲ್ಪ ಮಂದ. ಕರೆದುಕೊಂಡು ಹೋಗಬಹುದೇ? ಮುಂದಿನ ಸಾಲಿನ ಟಿಕೆಟ್ ತಗೊಳ್ಳಲೇ?
– ಗೃಹಿಣಿ, ವಿಜಯನಗರ

ಖಂಡಿತ ಕರೆದುಕೊಂಡು ಹೋಗಿ. ಅದನ್ನು ನಡೆಸುವ ಶ್ರೀರಾಮ ಸೇವಾ ಮಂಡಳಿ 1939ರಲ್ಲಿ ಶುರುವಾದದ್ದು. ಚಾಮರಾಜಪೇಟೆಯ ಆ ಮೈದಾನದಲ್ಲಿ ಹಾಡದ ದೊಡ್ಡ ವಿದ್ವಾಂಸರು ಕಮ್ಮಿ. ನಿಮ್ಮ ಕಡೆಯಿಂದ ಮೆಟ್ರೋ ಸುಲಭ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಎರಡನೇ ಸ್ಟೇಷನ್ ಕೆ.ಆರ್. ಮಾರ್ಕೆಟ್. ಮೆಜೆಸ್ಟಿಕ್‌ನಲ್ಲಿ ಲಿಫ್ಟ್ ಹುಡುಕಿ ಹತ್ತಿಸಿ, ಮೆಟ್ಟಿಲು ಬೇಡ. ಮಾರ್ಕೆಟ್‌ನಲ್ಲಿ ಇಳಿದ ಮೇಲೆ ಮಾತ್ರ ಸಂಜೆಯ ಜನದಲ್ಲಿ ಅವರನ್ನು ನಡೆಸಬೇಡಿ, ಹತ್ತಿರವಾದರೂ ಆಟೋ ಹಿಡಿಯಿರಿ. ಮೀಟರ್ ಹಾಕಲ್ಲ ಅಂತಾನೆ, ಒಂದು ದಿನ ಕೊಟ್ಟುಬಿಡಿ.

ಮುಂದಿನ ಸಾಲು ಬೇಡ. ಕಿವಿ ಮಂದ ಅಂತ ಎಲ್ಲರೂ ಹಿರಿಯರನ್ನು ಮುಂದೆಯೇ ಕೂರಿಸುತ್ತಾರೆ. ಪೆಂಡಾಲಿನಲ್ಲಿ ಸ್ಪೀಕರ್‌ಗಳು ವೇದಿಕೆಯ ಎರಡೂ ಬದಿಗೆ ಇರುತ್ತವೆ. ಬಹಳ ಮುಂದೆ, ಅದೂ ನಡುವೆ ಕೂತರೆ ಸ್ಪೀಕರಿನ ದನಿ ನಿಮ್ಮ ತಲೆ ದಾಟಿ ಹಿಂದಕ್ಕೆ ಹೋಗುತ್ತೆ. ಒಂದು ಬದಿಗೆ ಸರಿದರೆ ಸ್ಪೀಕರ್ ನೇರ ಕಿವಿಗೆ. ಸುಮಾರು ಅರ್ಧದಲ್ಲಿ, ಮಧ್ಯಕ್ಕೆ, ಒಂದು ಮೇಜಿನ ಮೇಲೆ ಗುಂಡಿಗಳ ಪೆಟ್ಟಿಗೆ ಇಟ್ಟುಕೊಂಡು ಒಬ್ಬ ಕೂತಿರುತ್ತಾನೆ ನೋಡಿ. ಅದು ಮಿಕ್ಸರ್. ಅವನು ತನ್ನ ಕಿವಿಗೆ ಚೆನ್ನಾಗಿ ಕೇಳುವ ಹಾಗೆ ದನಿ ಕೂಡಿಸುತ್ತಾನೆ. ಅಂದಮೇಲೆ ಅವನ ಆಸುಪಾಸಿನ ಕುರ್ಚಿಗಿಂತ ಒಳ್ಳೆ ಜಾಗ ಆ ಮೈದಾನದಲ್ಲಿ ಇಲ್ಲ. ಎಷ್ಟೋ ಸಲ ಅದು ಕಮ್ಮಿ ದುಡ್ಡಿನ ಟಿಕೆಟ್‌ನ ಜಾಗವೂ ಹೌದು.

ಅತ್ತೆಗೆ ಪಿಟೀಲು ಇಷ್ಟವೋ ಮೃದಂಗ ಇಷ್ಟವೋ ಕೇಳಿ. ಮೃದಂಗದ ಬಲಮುಖ ಸಭಿಕರ ಕಡೆ ತಿರುಗಿರಬೇಕು ಅಂತ ಮೃದಂಗದವರು ನಮ್ಮ ಎಡಕ್ಕೆ, ಪಿಟೀಲಿನವರು ನಮ್ಮ ಬಲಕ್ಕೆ ಕೂರುತ್ತಾರೆ. ಎಡಗೈಯಲ್ಲಿ ನುಡಿಸುವವರು ಬಂದರೆ ಎಲ್ಲ ಉಲ್ಟಾ. ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು ಎಡಗೈಯವರು. ಅವರ ಜೊತೆ ನುಡಿಸಬೇಕಾದರೆ ಪಿಟೀಲಿನವರು ಜಾಗ ಬಿಟ್ಟುಕೊಡಬೇಕಿತ್ತು. ಬೆರಳಾಟ ಕಾಣಬೇಕು ಅಂದರೆ ಅತ್ತೆಗೆ ಇಷ್ಟದ ವಾದ್ಯದ ಬದಿಗೆ ಸ್ವಲ್ಪ ವಾಲಿ ಕೂರಿ.

ಏಪ್ರಿಲ್ ಸಂಜೆಯ ಮಳೆ ನೆನಪಿರಲಿ. ಪೆಂಡಾಲಿನ ಶೀಟಿನ ಮೇಲೆ ಮಳೆ ಬಿದ್ದರೆ ಯಾವ ಮಿಕ್ಸರ್ರೂ ಏನೂ ಮಾಡಲಾಗದು. ಒಂದು ಶಾಲು, ಒಂದು ಕೊಡೆ, ಕುರ್ಚಿಗೆ ಸಣ್ಣ ದಿಂಬು ಇರಲಿ. ಮುಖ್ಯ ಕಛೇರಿ ಉದ್ದ ಆಯಿತು ಅನಿಸಿದರೆ ತನಿ ಆವರ್ತನದ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಹೊತ್ತಿಗೆ ಎದ್ದು ಹೊರಡಿ ಅಂತ ಜನ ಹೇಳುತ್ತಾರೆ. ನಾನು ಹೇಳಲ್ಲ. ಮೃದಂಗ, ಘಟದವರಿಗೆ ಸಿಗುವುದೇ ಆ ಹತ್ತು ಹದಿನೈದು ನಿಮಿಷ.

ಪ್ರಶ್ನೆ: ಚೌಡಯ್ಯ ಮೆಮೋರಿಯಲ್ ಹಾಲ್ ಪಿಟೀಲಿನ ಆಕಾರದಲ್ಲಿದೆಯಲ್ಲ, ಅದರಿಂದ ಒಳಗೆ ನಾದ ಚೆನ್ನಾಗಿ ಬರುತ್ತಾ?
– ಹೈಸ್ಕೂಲ್ ವಿದ್ಯಾರ್ಥಿನಿ, ಮಲ್ಲೇಶ್ವರ

ಒಳ್ಳೆ ಪ್ರಶ್ನೆ ಮರಿ. ಪಿಟೀಲಿನ ಆಕಾರ ಹೊರಗಿಂದ ನೋಡುವ ಕಣ್ಣಿಗೆ. ಒಳಗೆ ಕೆಲಸ ಮಾಡುವುದು ಗೋಡೆ, ಚಾವಣಿ, ಕುರ್ಚಿಯ ಬಟ್ಟೆ, ಜೊತೆಗೆ ಕೂತಿರುವ ಜನ. ಖಾಲಿ ಹಾಲಿನಲ್ಲಿ ಮಧ್ಯಾಹ್ನ ಸೌಂಡ್ ಚೆಕ್ ಮಾಡುವಾಗ ದನಿ ಗೋಡೆಗೆ ಬಡಿದು ವಾಪಸ್ ಬರುತ್ತೆ. ಸಂಜೆ ಹಾಲು ತುಂಬಿದರೆ ಅಷ್ಟೂ ಜನರ ಮೈ, ಬಟ್ಟೆ ಅದನ್ನು ಕುಡಿದುಬಿಡುತ್ತೆ. ಮಧ್ಯಾಹ್ನದ ಲೆಕ್ಕ ಸಂಜೆಗೆ ಹಿಡಿಯುವುದಿಲ್ಲ.

ಹಾಲು ತೆರೆದದ್ದು 1980ರಲ್ಲಿ. ಆದರೆ ಆ ಹೆಸರಿನ ಹಿಂದೆ ಇರುವ ಕಥೆ ನನ್ನಂಥವನಿಗೆ ಜಾಸ್ತಿ ಇಷ್ಟ. ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು ನುಡಿಸಲು ಶುರು ಮಾಡಿದ ಕಾಲದಲ್ಲಿ ಕಛೇರಿಗೆ ಮೈಕ್ ಇರಲಿಲ್ಲ. ಸಾವಿರ ಜನ ಕೂತ ಕಡೆ ಹಿಂದಿನ ಸಾಲಿಗೆ ಪಿಟೀಲು ಕೇಳುತ್ತಿರಲಿಲ್ಲ. ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು, ದನಿ ಗಟ್ಟಿಯಾಯಿತು. ವೈರ್ ಇಲ್ಲದೆ, ಕರೆಂಟ್ ಇಲ್ಲದೆ ಆಂಪ್ಲಿಫೈಯರ್ ಮಾಡಿದ ಮನುಷ್ಯ!

ಪ್ರಶ್ನೆ: ಕಛೇರಿಯಲ್ಲಿ ಕಲಾವಿದರು ಪದೇ ಪದೇ ಮೈಕ್‌ನವರಿಗೆ ಕೈ ಸನ್ನೆ ಮಾಡುತ್ತಲೇ ಇರುತ್ತಾರೆ. ನಮಗೆ ಚೆನ್ನಾಗಿಯೇ ಕೇಳುತ್ತಿರುತ್ತೆ. ಇದೇನು ಗೀಳು?
– ನಿವೃತ್ತ ಮೇಷ್ಟ್ರು, ಬಸವನಗುಡಿ

ಮೇಷ್ಟ್ರೇ, ಈ ಪತ್ರಕ್ಕೆ ನಾನು ಕಾಯುತ್ತಿದ್ದೆ.

ನೀವು ಕೇಳುವ ಸ್ಪೀಕರ್ ಬೇರೆ, ಅವರು ಕೇಳುವ ಸ್ಪೀಕರ್ ಬೇರೆ. ವೇದಿಕೆಯ ಮೇಲೆ ಕಲಾವಿದರ ಮುಂದೆ ಓರೆಯಾಗಿ ಇಟ್ಟ ಕಪ್ಪು ಡಬ್ಬ ಇರುತ್ತಲ್ಲ, ಅದು ಮಾನಿಟರ್. ಅದರಲ್ಲಿ ತಮ್ಮ ದನಿ ತಮಗೇ ಕೇಳದಿದ್ದರೆ ಶ್ರುತಿ ಹಿಡಿದು ಹಾಡುವುದು ಕಷ್ಟ. ನಿಮಗೆ ಎಲ್ಲ ಸರಿಯಾಗಿ ಕೇಳುತ್ತಿರುವಾಗ ಪಾಪ ಅವರಿಗೆ ತಂಬೂರಿಯೇ ಕೇಳುತ್ತಿರದಿರಬಹುದು.

ತಮಾಷೆ ಆಮೇಲೆ ಶುರು. ಹಾಡುವವರು ಬೆರಳು ಮೇಲೆ ಮಾಡುತ್ತಾರೆ, ನನ್ನದು ಏರಿಸು ಅಂತ. ಏರಿಸಿದೆ. ಈಗ ಪಿಟೀಲಿನವರಿಗೆ ಅವರ ದನಿ ಅವರಿಗೇ ಕೇಳಲ್ಲ, ಅವರೂ ಬೆರಳು ಎತ್ತುತ್ತಾರೆ. ಮೃದಂಗದವರು ಕೈ ಎತ್ತುವುದೂ ಇಲ್ಲ, ಸುಮ್ನೆ ಒಂದು ನೋಟ. ಆ ನೋಟ ಸಾಕು. ಎಲ್ಲರದೂ ಏರಿಸಿದ ಮೇಲೆ ಮಾನಿಟರಿನ ದನಿ ಮೈಕಿಗೆ ಹೋಗಿ, ಮೈಕಿಂದ ಮತ್ತೆ ಮಾನಿಟರಿಗೆ ಬಂದು, ಸುತ್ತಿ ಸುತ್ತಿ 'ಕುಂಯ್' ಅಂತ ಕೂಗುತ್ತೆ. ಇಡೀ ಸಭೆ ತಿರುಗಿ ನನ್ನನ್ನು ನೋಡುತ್ತೆ. ಆರತಿ ತೆಗೆದುಕೊಳ್ಳುವವರು ಬೇರೆ, ಮಂಗಳಾರತಿ ನನಗೆ.

ಇದಕ್ಕೆ ಮದ್ದು ಒಬ್ಬರದನ್ನು ಏರಿಸುವ ಬದಲು ಉಳಿದವರದನ್ನು ಕೂದಲೆಳೆಯಷ್ಟು ಇಳಿಸುವುದು. ಯಾರಿಗೂ ಗೊತ್ತಾಗಲ್ಲ, ಕೇಳಿದವರಿಗೆ ಏರಿಸಿದ ಹಾಗೇ ಇರುತ್ತೆ. ನುರಿತ ಮೈಕ್‌ನವನು ಕಛೇರಿ ಪೂರ್ತಿ ಇಳಿಸುತ್ತಲೇ ಇರುತ್ತಾನೆ.

ಮೃದಂಗದವರು ನಡುನಡುವೆ ಕಲ್ಲಿನಿಂದ ಅಂಚು ಕುಟ್ಟುವುದನ್ನೂ ಕೇಳಿದ್ದೀರಿ. ಎಡಮುಖಕ್ಕೆ ನಾದಿದ ರವೆ ಹಚ್ಚಿರುತ್ತಾರೆ, ಅದು ಒಣಗುತ್ತಾ ಹೋಗುತ್ತೆ. ಬಲಮುಖದ ಚರ್ಮ ಎ.ಸಿ. ಗಾಳಿಗೋ ದೀಪದ ಬಿಸಿಗೋ ಬಿಗಿಯುತ್ತೆ, ಸಡಿಲುತ್ತೆ. ಆ ಕುಟ್ಟಾಟ ಶ್ರುತಿ ಕೂಡಿಸಲು. ಆ ಹೊತ್ತಿನಲ್ಲಿ ನಾನು ಅವರ ಮೈಕ್ ಇಳಿಸಿರುತ್ತೇನೆ. ಇಳಿಸದಿದ್ದರೆ ನಿಮ್ಮ ಎದೆ ಮೇಲೆ ಕುಟ್ಟಿದ ಹಾಗೆ ಕೇಳುತ್ತಿತ್ತು.

ಪ್ರಶ್ನೆ: ಹೊರದೇಶದ ಒಂದು ಬ್ಯಾಂಡ್ ಬರುತ್ತಿದೆ. ಸ್ಟೇಜ್ ಮುಂದಿನ ಫ್ಯಾನ್ ಪಿಟ್ ಟಿಕೆಟ್‌ಗೆ ಎರಡು ತಿಂಗಳ ಪಾಕೆಟ್ ಮನಿ ಬೇಕು. ಹಿಂದಿನ ಜಾಗ ಅಗ್ಗ. ತಗೊಳ್ಳಲಾ ಬೇಡವಾ ಅಂಕಲ್?
– ಇಂಜಿನಿಯರಿಂಗ್ ವಿದ್ಯಾರ್ಥಿ, ಹೆಸರಘಟ್ಟ ರಸ್ತೆ

ಮುಖ ನೋಡಬೇಕಾ, ಹಾಡು ಕೇಳಬೇಕಾ? ಮೊದಲು ಅದನ್ನು ತೀರ್ಮಾನ ಮಾಡಪ್ಪ. ಮುಖ ಅಂದರೆ ಪಿಟ್. ಹಾಡು ಅಂದರೆ ಅಗ್ಗದ ಟಿಕೆಟ್ ಸಾಕು, ಆದರೆ ನಿಲ್ಲುವ ಜಾಗ ಗೊತ್ತಿರಬೇಕು.

ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ. ಸ್ಟೇಜಿನಿಂದ ನೂರು ಮೀಟರ್ ಹಿಂದೆ ನಿಂತರೆ ಡ್ರಮ್ಮಿನ ಏಟು ಹತ್ತಿರ ಹತ್ತಿರ ಸೆಕೆಂಡಿನ ಮೂರನೇ ಒಂದು ಭಾಗ ತಡವಾಗಿ ಬರುತ್ತೆ. ಅದಕ್ಕೇ ಮೈದಾನದ ನಡುವೆ ಇನ್ನೊಂದು ಸಾಲು ಸ್ಪೀಕರ್ ಕಂಬ ನಿಲ್ಲಿಸುತ್ತಾರೆ. ಸ್ಟೇಜಿನ ದನಿ ಅಲ್ಲಿಗೆ ತಲುಪುವ ಹೊತ್ತಿಗೇ ಇವೂ ನುಡಿಯುವ ಹಾಗೆ ಬೇಕೆಂದೇ ತಡ ಮಾಡಿರುತ್ತಾರೆ. ಹೆಸರೇ ಡಿಲೇ ಟವರ್. ಅದರ ಸ್ವಲ್ಪ ಹಿಂದೆ ನಿಂತರೆ ದನಿ ಪಿಟ್‌ಗಿಂತ ಶುದ್ಧ. ಪಿಟ್‌ನಲ್ಲಿ ಮುಂದಿನ ಬೇಸ್ ಡಬ್ಬಗಳು ಹೊಟ್ಟೆ ನಡುಗಿಸುತ್ತವೆ, ಮಾತು ಕೇಳಲ್ಲ.

ಪಿಟ್‌ಗೇ ಹೋಗುತ್ತೀಯಾದರೆ ಮೆಡಿಕಲ್ ಸ್ಟೋರಿನಲ್ಲಿ ಫೋಮಿನ ಇಯರ್ ಪ್ಲಗ್ ತಗೋ. ಬೆರಳಲ್ಲಿ ಹೊಸೆದು ಸಣ್ಣ ಮಾಡಿ ಕಿವಿಗೆ ಇಟ್ಟರೆ ಒಳಗೆ ಅರಳಿಕೊಳ್ಳುತ್ತೆ. ಇಂಥ ಜಾಗಗಳಲ್ಲಿ ಸರಾಸರಿ 100 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಸ್ಪೀಕರಿನ ಮೂತಿಗೇ ನಿಂತವನ ಕಿವಿಗೆ ಅದಕ್ಕಿಂತ ಜಾಸ್ತಿಯೇ ಬೀಳಬಹುದು.

ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗಿನಿಂದ ನಮ್ಮೂರ ಹುಡುಗರಿಗೆ ಈ ಹುಚ್ಚು ಇದ್ದೇ ಇದೆ. ಈಗ ಇಂಥ ಶೋಗಳು ತುಮಕೂರು ರಸ್ತೆಯ ನೈಸ್ ಮೈದಾನಕ್ಕೂ ಹೋಗಿವೆ. 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಹಾಡಿದ್ದು ಅಲ್ಲೇ. ಅದೇ ವಾರ ಅವರು ಚರ್ಚ್ ಸ್ಟ್ರೀಟ್ ಫುಟ್‌ಪಾತಿನಲ್ಲಿ ಹಾಡಲು ನಿಂತಾಗ ಪೊಲೀಸರು ಬಂದು ವೈರ್ ಕಿತ್ತರು. ಅನುಮತಿ ಇತ್ತು ಅಂತ ಅವರು, ಇರಲಿಲ್ಲ ಅಂತ ಪೊಲೀಸರು. ಆ ವಿಡಿಯೋದಲ್ಲಿ ನಾನು ನೋಡಿದ್ದು ಕಿತ್ತ ವೈರನ್ನು ಮಾತ್ರ. ವೃತ್ತಿ ಬುದ್ಧಿ.

ನೈಸ್ ಮೈದಾನಕ್ಕೆ ಮಾದಾವರ ಮೆಟ್ರೋ ಇದೆ. ಶೋ ಬಿಟ್ಟ ಮೇಲೆ ಅಷ್ಟೂ ಜನ ಅಲ್ಲಿಗೇ ನುಗ್ಗುತ್ತಾರೆ. ಕೊನೆಯ ರೈಲು ಎಷ್ಟಕ್ಕೆ ಅಂತ ಆ ದಿನವೇ ನೋಡಿಕೋ, ವಾಪಸ್ಸಿನ ಟಿಕೆಟ್ ಮೊದಲೇ ಮಾಡಿಸಿಕೋ. ಗೇಟಿನ ಹತ್ತಿರ "ಎಕ್ಸ್‌ಟ್ರಾ ಟಿಕೆಟ್ ಇದೆ" ಅನ್ನುವವನ ಕಡೆ ತಿರುಗಿಯೂ ನೋಡಬೇಡ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಅಣ್ಣಮ್ಮನನ್ನು ಕೂರಿಸುತ್ತೇವೆ. ಕೊನೆ ದಿನ ಆರ್ಕೆಸ್ಟ್ರಾ. ಹೋದ ವರ್ಷ ಬಂದ ತಂಡ ಬಾಯಿ ಆಡಿಸಿ ಹೋಯಿತು. ಈ ಸಲ ಹೇಗೆ ಆರಿಸಲಿ?
– ಗೆಳೆಯರ ಬಳಗದ ಖಜಾಂಚಿ, ಶ್ರೀರಾಂಪುರ

ಅಡ್ವಾನ್ಸ್ ಕೊಡುವ ಮೊದಲು ಒಂದೇ ಮಾತು ಕೇಳಿ: "ಲೈವಾ, ಟ್ರ್ಯಾಕಾ?" ಟ್ರ್ಯಾಕ್ ಅಂದರೆ ಪೆನ್ ಡ್ರೈವ್‌ನಲ್ಲಿ ಮ್ಯೂಸಿಕ್, ಮೇಲೆ ಹಾಡು. ಅದರಲ್ಲೂ ಚೆನ್ನಾಗಿ ಹಾಡುವವರಿದ್ದಾರೆ, ಬಯ್ಯಲ್ಲ. ಆದರೆ ನೀವು ಕೊಡುವ ದುಡ್ಡಿಗೆ ಎರಡು ಕೀಬೋರ್ಡ್, ಒಂದು ರಿದಂ ಪ್ಯಾಡ್, ಒಂದು ತಬಲಾ ಇಷ್ಟಾದರೂ ವೇದಿಕೆ ಮೇಲೆ ಇರಬೇಕು ಅಂತ ರಸೀದಿಯಲ್ಲೇ ಬರೆಸಿಕೊಳ್ಳಿ.

ಸೀರಿಯಲ್ ಸೆಟ್ ದೀಪದ ಲೈನು, ಸೌಂಡಿನ ಲೈನು ಬೇರೆ ಬೇರೆ ಇರಲಿ. ಒಂದೇ ಆದರೆ ಸ್ಪೀಕರಿನಲ್ಲಿ 'ಗುಂಯ್' ಅಂತ ಜೇನುಹುಳ ಕೂರುತ್ತೆ. ಕಂಬಕ್ಕೆ ಕೊಕ್ಕೆ ಹಾಕುವ ಐಡಿಯಾ ಯಾರಾದರೂ ಹೇಳಿದರೆ ಅವರನ್ನು ಪ್ರಸಾದ ಹಂಚಲು ಕಳಿಸಿ. ಜನರೇಟರ್ ತರಿಸಿ. ರಾತ್ರಿ ಹತ್ತಕ್ಕೆ ಬಂದ್. ಬಯಲಿನಲ್ಲಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಇಲ್ಲ, 2000ನೇ ಇಸವಿಯ ನಿಯಮ. ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಸುವ ಅಧಿಕಾರ ಸರ್ಕಾರಕ್ಕಿದೆ, ನಿಮ್ಮ ಬಳಗಕ್ಕಿಲ್ಲ. ಹಾಗಾಗಿ ಕುಣಿಯುವ ಹಾಡು ಒಂಬತ್ತಕ್ಕೇ ಹಾಕಿಸಿ, ಕೊನೆಗೆ ಅಂತ ಇಟ್ಟುಕೊಂಡರೆ ಪೊಲೀಸ್ ಬಂದಿರುತ್ತಾರೆ.

ಪ್ರಶ್ನೆ: ಭಾವಗೀತೆ ಕಾರ್ಯಕ್ರಮಗಳೇ ಕಾಣೆಯಾದವಲ್ಲ ಸರ್?
– ಬ್ಯಾಂಕ್ ಉದ್ಯೋಗಿ, ರಾಜಾಜಿನಗರ

ಕಾಣೆಯಾಗಿಲ್ಲ, ಚಿಕ್ಕದಾಗಿವೆ. 2005ರಲ್ಲಿ ಸಿ. ಅಶ್ವತ್ಥ್ ಅರಮನೆ ಮೈದಾನ ತುಂಬಿಸಿ ಹಾಡಿದರು, ಅದೊಂದು ಕಾಲ. ಈಗ ಜೆ.ಸಿ. ರಸ್ತೆಗೆ ಹೋಗಿ. ರವೀಂದ್ರ ಕಲಾಕ್ಷೇತ್ರದ ಹೊರಗಿನ ಬೋರ್ಡು, ಪಕ್ಕದ ಕನ್ನಡ ಭವನದ ನಯನ ಸಭಾಂಗಣದ ಬೋರ್ಡು ಓದಿಕೊಂಡು ಬನ್ನಿ. ಎಷ್ಟೋ ಕಾರ್ಯಕ್ರಮ ಉಚಿತ. ನಯನ ಚಿಕ್ಕ ಹಾಲು, ಭಾವಗೀತೆಗೆ ಅಂಥದ್ದೇ ಬೇಕು. ಒಂದು ಶಬ್ದ ತಪ್ಪಿದರೂ ಹಾಡು ಕೆಟ್ಟಿತು. ಭಾಷಣ ಮುಗಿಯುವವರೆಗೆ ಹೊರಗೆ ಕಾಫಿ ಕುಡಿಯಿರಿ, ಸನ್ಮಾನ ಅರ್ಧ ಗಂಟೆ ಗ್ಯಾರಂಟಿ.

ಪ್ರಶ್ನೆ: ಸಿನಿಮಾ ಹಾಡು ಬಿಟ್ಟು ಏನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?
– ಸಾಫ್ಟ್‌ವೇರ್ ಉದ್ಯೋಗಿ, ಮಾರತ್‌ಹಳ್ಳಿ

ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ನಿಮಗೆ ಹತ್ತಿರ. ಹಿಂದೂಸ್ತಾನಿ, ಕರ್ನಾಟಕ, ಜಾಝ್ ಎಲ್ಲ ನಡೆಯುತ್ತೆ, ಬಹಳಷ್ಟಕ್ಕೆ ಟಿಕೆಟ್ ಇಲ್ಲ. ಬೇಜಾರಾದರೆ ದುಡ್ಡು ಹೋಯಿತು ಅನ್ನುವ ಸಂಕಟ ಇಲ್ಲ, ಒಂದು ಹಾಡು ಮುಗಿದಾಗ ಎದ್ದು ಬನ್ನಿ. ಜೂನ್ 21 ವಿಶ್ವ ಸಂಗೀತ ದಿನ. ವಸಂತನಗರದ ಫ್ರೆಂಚ್ ಸಾಂಸ್ಕೃತಿಕ ಕೇಂದ್ರ ಅಲಯನ್ಸ್ ಫ್ರಾನ್ಸೇಸ್ ಕಡೆ ಒಂದು ಕಣ್ಣಿಡಿ. ಭಾನುವಾರ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂಗೆ ಹೋದರೆ ವಾದ್ಯಗಳನ್ನು ಹತ್ತಿರದಿಂದ ನೋಡಬಹುದು. ಜಾಝ್‌ನಲ್ಲಿ ಒಬ್ಬೊಬ್ಬರ ಸೋಲೋ ಮುಗಿದಾಗ ಹಾಡಿನ ನಡುವೆಯೇ ಚಪ್ಪಾಳೆ ಹೊಡೆಯಬಹುದು. ಕಛೇರಿಯಲ್ಲಿ ಪಕ್ಕದ ಅಜ್ಜ ತಾಳ ಹಾಕುತ್ತಿದ್ದರೆ ಅವರ ಕೈ ನೋಡಿ ಹಾಕಿ. ಅವರು ತಪ್ಪಿದರೆ ನೀವೂ ತಪ್ಪಿ, ಪರವಾಗಿಲ್ಲ.

ಪ್ರಶ್ನೆ: ಕಾರ್ಯಕ್ರಮವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಬಹುದಾ?
– ಓದುಗ, ಕೆಂಗೇರಿ

ಬೇಡ ಅಂತ ಮೈಕಿನಲ್ಲಿ ಹೇಳಿದ್ದರೆ ಬೇಡ. ಹೇಳಿರದಿದ್ದರೂ ಫೋನ್ ತಲೆಗಿಂತ ಮೇಲೆ ಎತ್ತಬೇಡಿ, ಹಿಂದಿನವರೂ ದುಡ್ಡು ಕೊಟ್ಟಿದ್ದಾರೆ. ರಾಕ್ ಶೋದಲ್ಲಂತೂ ದಂಡ, ಅಷ್ಟು ಶಬ್ದಕ್ಕೆ ಫೋನಿನ ಚಿಕ್ಕ ಮೈಕ್ ಒಡೆದು 'ಕರಕರ' ಅಂತ ಮಾತ್ರ ಉಳಿಯುತ್ತೆ. ಕಛೇರಿಯಾದರೆ ತೊಡೆ ಮೇಲಿಟ್ಟು ಒಂದು ಹಾಡು ರೆಕಾರ್ಡ್ ಮಾಡಿಕೊಳ್ಳಿ. ಆ ಹೊತ್ತಿನಲ್ಲಿ ಚಿಪ್ಸ್ ಪ್ಯಾಕೆಟ್ ಬಿಚ್ಚಬೇಡಿ, ಮನೆಗೆ ಬಂದು ಕೇಳಿದರೆ ಹಾಡಿಗಿಂತ ಅದೇ ಜೋರಾಗಿರುತ್ತೆ.