ಜಠರದ ಕ್ಯಾನ್ಸರ್ ಇದ್ದವರ ಹೊಕ್ಕುಳಲ್ಲಿ ಗಂಟು: ಕುರುವೋ, ಹರಡಿದ್ದೋ?

ಉಡುಪಿಯಿಂದ ಬಂದ ಪ್ರಶ್ನೆ: ಜಠರದ ಕ್ಯಾನ್ಸರ್‌ಗೆ ಆಪರೇಷನ್ ಆದ ಅಮ್ಮನ ಹೊಕ್ಕುಳಲ್ಲಿ ಗಂಟು ಎದ್ದಿದೆ, ಮದ್ದು ಹಚ್ಚಿದರೆ ಸಾಕೇ?

ಸಾಲದು. ಈ ಕ್ಯಾನ್ಸರ್ ಚರ್ಮಕ್ಕೆ ಹರಡುವುದು ಅಪರೂಪ. ಹರಡಿದಾಗ ಹೊಕ್ಕುಳಲ್ಲಿ ಕಾಣಿಸಿಕೊಳ್ಳುವುದುಂಟು. ಕುರುವಾದರೆ ನೋವು, ಬಿಸಿ, ಕೀವು ಇರುತ್ತದೆ. ಹರ್ನಿಯಾ (ಕರುಳು ಹೊರಚಾಚಿದ ಉಬ್ಬು) ಮಲಗಿದಾಗ ಸಾಮಾನ್ಯವಾಗಿ ಒಳಹೋಗುತ್ತದೆ. ಕ್ಯಾನ್ಸರ್ ಹರಡಿದ್ದಾದರೆ ಹೆಚ್ಚಾಗಿ ನೋವಿಲ್ಲದ, ಕಲ್ಲಿನಂಥ ಗಂಟು. ಕೆಲವೊಮ್ಮೆ ಹುಣ್ಣಾಗಿ ಸೋರುತ್ತದೆ, ಕುರುವೆಂದು ಮೋಸಹೋಗುವುದು ಅಲ್ಲೇ.

ಮಣಿಪಾಲವೋ ಮಂಗಳೂರೋ, ಆಸ್ಪತ್ರೆಗೆ ಹೋಗುವಾಗ ಹಳೆಯ ಪೆಥಾಲಜಿ ರಿಪೋರ್ಟ್, ಸ್ಲೈಡ್, ಬ್ಲಾಕ್ (ಆಗ ತೆಗೆದ ಗೆಡ್ಡೆಯ ತುಣುಕನ್ನು ಮೇಣದಲ್ಲಿಟ್ಟದ್ದು) ಒಯ್ಯಿರಿ. ಹೋಲಿಸಿ ನೋಡಲು ಬೇಕು. ಮೊದಲು ಅಲ್ಟ್ರಾಸೌಂಡ್ ಆಗಲಿ, ಏಕೆಂದರೆ ಹರ್ನಿಯಾ ಇದ್ದಲ್ಲಿ ಚುಚ್ಚಿದರೆ ಕರುಳಿಗೆ ಅಪಾಯ. ಆಮೇಲೆ ಆ ಜಾಗ ಮಾತ್ರ ಮರಗಟ್ಟಿಸಿ ಸುಮಾರು 4 ಮಿ.ಮೀ. ಪಂಚ್ ಬಯಾಪ್ಸಿ, ಅಂದರೆ ಪರೀಕ್ಷೆಗೆ ಚರ್ಮದ ಸಣ್ಣ ತುಣುಕು ತೆಗೆಯುವುದು. ಹರಡಿದ್ದೆಂದು ಖಚಿತವಾದರೆ ಅದು 4ನೇ ಹಂತ: ಸಿಟಿ ಸ್ಕ್ಯಾನ್, ಹರ್-2 ಪರೀಕ್ಷೆ (ಕ್ಯಾನ್ಸರ್ ಕಣದಲ್ಲಿ ಆ ಹೆಸರಿನ ಪ್ರೋಟೀನ್ ಹೆಚ್ಚಿದೆಯೇ ಎಂದು), ರೋಗಿಯ ಶಕ್ತಿ ನೋಡಿಕೊಂಡು ಕೀಮೋ. ಗಂಟನ್ನಷ್ಟೇ ಕತ್ತರಿಸಿದರೆ ಒಳಗಿನ ರೋಗ ಹೋಗದು.